ಹನ್ನೆರಡೂವರೆ ಕಪ್ಪು

ಮೇಷ್ಟ್ರು ಹಿಟ್ಟು ತುಂಬಿದ ಕಪ್ಪನ್ನು ಮೇಜಿನ ಮೇಲೆ ಮೂರು ಸಲ ಕುಟ್ಟಿದರು. ಟಕ್, ಟಕ್, ಟಕ್. ಬಾಯಿಯವರೆಗೆ ಇದ್ದ ಮೈದಾ ಒಂದು ಬೆರಳು ಕೆಳಗಿಳಿಯಿತು. ಇನ್ನಷ್ಟು ಸುರಿದು ಮತ್ತೆ ಕುಟ್ಟಿದರು. ಹಿಟ್ಟು ಇನ್ನು ಇಳಿಯಲಾರೆನೆಂದು ಹಟ ಹಿಡಿದ ಮೇಲೆ, ಮೂವತ್ತೆರಡು ವರ್ಷ ಶಾಲೆಯಲ್ಲಿ ಗೆರೆ ಎಳೆಯಲಿಕ್ಕೂ ಮಕ್ಕಳ ಅಂಗೈಗೆ ಬಿಡಲಿಕ್ಕೂ ಸಮನಾಗಿ ಉಪಯೋಗಿಸಿದ್ದ ಮರದ ಸ್ಕೇಲಿನಿಂದ ಕಪ್ಪಿನ ಬಾಯಿ ಸವರಿದರು. ತೂಕದ ಮಷೀನಿನ ಮೇಲೆ ಇಟ್ಟು ಕನ್ನಡಕ ಸರಿಮಾಡಿಕೊಂಡರು.

"ನೂರ ಅರವತ್ತು" ಎಂದರು. "ಇದು ಹತ್ತನೇ ಸಲ. ಹತ್ತಕ್ಕೆ ಹತ್ತೂ ಹೆಚ್ಚುಕಮ್ಮಿ ಅಷ್ಟೇ ಬಂದಿದೆ, ಎರಡು ಗ್ರಾಂ ಕೂಡ ಆಚೀಚೆ ಇಲ್ಲ. ಸರಾಸರಿ ನೂರ ಅರವತ್ತು ಅಂತ ಬರ್ಕೋತಿದೀನಿ."

ಅಡುಗೆಮನೆಯ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಕೇಕಮ್ಮನಿಗೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿಸಿತು. "ಅದನ್ನ ಅಷ್ಟೊಂದು ಕುಟ್ಟೋದು ಯಾಕ್ರೀ?" ಎಂದು ಕೇಳಿದಳು.

"ಕುಟ್ಟದಿದ್ರೆ ಒಳಗೆ ಗಾಳಿ ಸೇರ್ಕೊಂಡಿರುತ್ತೆ. ಇವತ್ತೊಂದು ತೂಕ, ನಾಳೆ ಒಂದು ತೂಕ. ನೀನೇನು ಗಾಳಿ ಅಳೆದು ಕೇಕ್ ಮಾಡ್ತೀಯಾ?"

ಅದೂ ನಿಜವೆನ್ನಿಸಿತು ಅವಳಿಗೆ. ಏಳನೇ ತರಗತಿಗೆ ಓದು ಬಿಟ್ಟವಳು ಲೆಕ್ಕದ ಮೇಷ್ಟ್ರ ಎದುರು ಗಾಳಿಯ ಪರವಾಗಿ ವಾದ ಮಾಡುವುದುಂಟೇ?

ಇಪ್ಪತ್ತಾರು ವರ್ಷಗಳಿಂದ, ವಾರದಲ್ಲಿ ಆರು ದಿನ, ಬೆಳಿಗ್ಗೆ ಆರೂವರೆಗೆ ಎಂಟು ಬೆಣ್ಣೆ ಕೇಕುಗಳು ಅವಳ ಓವನ್ನಿನಿಂದ ಇಳಿದು ಮೂಲೆಯ ಟೀ ಅಂಗಡಿಯ ಗಾಜಿನ ಪೆಟ್ಟಿಗೆ ಸೇರುತ್ತಿದ್ದವು. ಉದ್ದನೆಯ ಅಚ್ಚಿನ ಕೇಕು. ಜೇನಿನ ಬಣ್ಣದ ಮೈ, ನೆತ್ತಿಯ ಮೇಲೆ ಉದ್ದಕ್ಕೂ ಒಂದೇ ಬಿರುಕು. ಎಂಟರಲ್ಲೂ ಆ ಬಿರುಕು ಒಂದೇ ಕಡೆ. "ಇವರು ಕೇಕ್ ಮಾಡ್ತಾರೋ, ನೋಟಿನ ಹಾಗೆ ಅಚ್ಚು ಹಾಕ್ತಾರೋ!" ಎಂದು ಅಂಗಡಿಯ ಯಜಮಾನ ಗಿರಾಕಿಗಳಿಗೆ ಎತ್ತಿ ತೋರಿಸುತ್ತಿದ್ದ. ಕೇಕಮ್ಮ ಎಂದು ಮೊದಲು ಕರೆದವನೂ ಅವನೇ. ಅವನಿಂದ ಹಾಲಿನವನಿಗೆ, ಹಾಲಿನವನಿಂದ ಇಡೀ ರಸ್ತೆಗೆ ಹೆಸರು ಹಬ್ಬಿತು.

ಮೇಷ್ಟ್ರು ಶಾಲೆಯಲ್ಲಿರುವವರೆಗೆ ಅವಳು ಮೇಷ್ಟ್ರ ಹೆಂಡತಿಯೂ ಆಗಿದ್ದಳು, ಕೇಕಮ್ಮನೂ ಆಗಿದ್ದಳು. ಅವರು ನಿವೃತ್ತರಾದ ಮೇಲೆ ತಕ್ಕಡಿ ಒಂದೇ ಕಡೆ ವಾಲಿತು. ಒಮ್ಮೆ ಕ್ಷೌರದಂಗಡಿಯಲ್ಲಿ ಯಾರೋ "ಇವರು ನಮ್ಮ ಕೇಕಮ್ಮನ ಯಜಮಾನ್ರು" ಎಂದು ಪರಿಚಯ ಮಾಡಿಸಿದರಂತೆ. ಮೇಷ್ಟ್ರು ಅರ್ಧ ಕ್ಷೌರಕ್ಕೇ ಎದ್ದು, ಒಂದು ಕೆನ್ನೆಗೆ ನೊರೆ ಮೆತ್ತಿಕೊಂಡೇ ಮನೆಗೆ ಬಂದಿದ್ದರು. ಕೇಕಮ್ಮ ಅದನ್ನು ನೆನೆನೆನೆದು ಒಂದು ವಾರ ನಕ್ಕಿದ್ದಳು. ನಗಬಾರದಿತ್ತೋ ಏನೋ.

ಕಣ್ಣು ಕೈಕೊಟ್ಟದ್ದು ಹೋದ ವರ್ಷ. ಪೂರ್ತಿ ಕತ್ತಲೆಯಲ್ಲ. ಯಾವುದನ್ನು ನೋಡಿದರೂ ಅದರ ನಟ್ಟನಡುವೆ ಯಾರೋ ಹೆಬ್ಬೆಟ್ಟು ಒತ್ತಿ ಉಜ್ಜಿದ ಹಾಗೆ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖವೊಂದೇ ಇಲ್ಲ. ಮುಖ ಬೇಕೆಂದರೆ ಪಕ್ಕದ ಗೋಡೆಯನ್ನೋ ಕಿಟಕಿಯನ್ನೋ ನೋಡಬೇಕು. ಆಗ ಓರೆಯಲ್ಲಿ ಮುಖ ತಾನಾಗಿ ಬಂದು ನಿಲ್ಲುತ್ತದೆ. "ಇದು ಇನ್ನು ಹೀಗೇ ಇರುತ್ತಮ್ಮ, ಓರೆಯಲ್ಲಿ ನೋಡೋದು ರೂಢಿ ಮಾಡ್ಕೊಳ್ಳಿ" ಎಂದರು ಕಣ್ಣಿನ ಡಾಕ್ಟರು. ದೊಡ್ಡ ವಸ್ತುಗಳು ಹಾಗೆ ಸಿಕ್ಕವು. ತೂಕದ ಮಷೀನಿನ ಮೇಲಿನ ಅಂಕಿಗಳು ಮಾತ್ರ ಓರೆಗೂ ಸಿಗಲಿಲ್ಲ. ಒಂದು ಬೆಳಿಗ್ಗೆ ಉಪ್ಪು ಹಾಕುವಾಗ ಎಂಬತ್ತು ಎಂದಿದ್ದದ್ದು ಅವಳಿಗೆ ಮೂವತ್ತು ಎಂದು ಕಂಡಿತು. ಅವತ್ತು ಟೀ ಅಂಗಡಿಯಲ್ಲಿ ಕೇಕು ತಿಂದವರೆಲ್ಲ ಬಾಗಿಲಾಚೆ ಹೋಗಿ ಉಗುಳಿದರು. ಯಜಮಾನ ನಕ್ಕು ತೇಲಿಸಿದ. ಕೇಕಮ್ಮನಿಗೆ ಮಾತ್ರ ತನ್ನ ಮೇಲೆ ತನಗಿದ್ದ ಧೈರ್ಯ ಅವತ್ತೇ ಅರ್ಧ ಇಳಿದುಹೋಯಿತು.

ಆಮೇಲೆ ಮೂರು ವಾರ ಮೇಷ್ಟ್ರೇ ಬೆಳಗಿನ ನಾಲ್ಕೂವರೆಗೆ ಎದ್ದು, ಮಫ್ಲರ್ ಸುತ್ತಿಕೊಂಡು, ಆಕಳಿಸುತ್ತ ಅಂಕಿ ಓದಿ ಹೇಳಿದರು. ನಾಲ್ಕನೇ ವಾರ ಅವರಿಗೆ ಬೇಜಾರು ಬಂತು. ಬೇಜಾರಿನಿಂದಲೇ ಉಪಾಯವೂ ಹೊಳೆಯಿತು: ತೂಕವನ್ನೆಲ್ಲ ಕಪ್ಪು, ಚಮಚಗಳಿಗೆ ಇಳಿಸಿಬಿಟ್ಟರೆ ಓದುವ ತಾಪತ್ರಯವೇ ಇಲ್ಲ. ಬೆಣ್ಣೆ ಅರ್ಧ ಕಿಲೋ ಪೊಟ್ಟಣದಲ್ಲೇ ಬರುತ್ತದೆ, ಮೊಟ್ಟೆ ಎಣಿಸಿದರಾಯಿತು. ಉಳಿದದ್ದು ಹಿಟ್ಟು, ಸಕ್ಕರೆ, ಉಪ್ಪು, ಸೋಡಾ ಪುಡಿ. ಕಪ್ಪು ತುಂಬುವುದಕ್ಕೆ ಕಣ್ಣೇಕೆ, ಬೆರಳಿದ್ದರೆ ಸಾಕು.

ಹೀಗೆ ಒಂದಿಡೀ ಭಾನುವಾರ ಅಡುಗೆಮನೆ ಶಾಲೆಯಾಯಿತು. ಸಕ್ಕರೆ ಕುಟ್ಟಿದರೂ ಹೆಚ್ಚು ಇಳಿಯಲಿಲ್ಲ, ಕಪ್ಪಿಗೆ ಇನ್ನೂರು. ಹಿಟ್ಟು ನೂರ ಅರವತ್ತು. "ಎಂಟು ಕೇಕಿಗೆ ಎರಡು ಕಿಲೋ ಹಿಟ್ಟು. ಎರಡು ಸಾವಿರ ಭಾಗಿಸು ನೂರ ಅರವತ್ತು" ಎಂದು ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸಿ, "ಹನ್ನೆರಡೂವರೆ!" ಎಂದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಗೈಯಷ್ಟು ದೊಡ್ಡ ಅಂಕಿಗಳಲ್ಲಿ ಕೋಷ್ಟಕ ಬರೆದು ಓವನ್ನಿನ ಪಕ್ಕ ಅಂಟಿಸಿದರು. ಅಷ್ಟಕ್ಕೇ ಬಿಡದೆ ಅವಳಿಂದ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದರು.

"ಹಿಟ್ಟು?"

"ಹನ್ನೆರಡೂವರೆ ಕಪ್ಪು."

"ಸಕ್ಕರೆ?"

"ಎಂಟು ಕಪ್ಪು."

"ಉಪ್ಪು?"

"ಚಿಕ್ಕ ಚಮಚ ಐದು. ಸಾಕು ಬಿಡ್ರೀ, ನಾನೇನು ಪರೀಕ್ಷೆಗೆ ಕೂರ್ತಿದೀನಾ?" ಎಂದು ಅವಳು ನಕ್ಕಳು. ಮೇಷ್ಟ್ರೂ ನಕ್ಕರು. ಇಪ್ಪತ್ತಾರು ವರ್ಷದಲ್ಲಿ ಅವರು ಅವಳ ಕೆಲಸಕ್ಕೆ ಇಡೀ ದಿನ ಕೈ ಹಚ್ಚಿದ್ದು ಅದೇ ಮೊದಲು. ಅವತ್ತು ಗಂಡನ ಮೇಲೆ ಅವಳಿಗೆ ಪ್ರೀತಿ ಉಕ್ಕಿತೆಂದೇ ಹೇಳಬೇಕು. ತಂಗಿಗೆ ಫೋನು ಮಾಡಿ, "ನಿಮ್ಮ ಭಾವ ನನಗೋಸ್ಕರ ಇಡೀ ದಿನ ಹಿಟ್ಟು ತೂಗಿದ್ರು ಕಣೇ" ಎಂದು ಹೇಳಿಕೊಂಡಳು.

ಮರುದಿನದ ಕೇಕು ನಡುವೆ ಕುಸಿಯಿತು.

ಅಚ್ಚಿಗೆ ಸುರಿಯುವಾಗಲೇ ಅವಳ ಕೈಗೆ ಗೊತ್ತಾಗಿತ್ತು. ಕಲಸಿದ ಹಿಟ್ಟು ಸೌಟಿನಿಂದ ಮುದ್ದೆಯಾಗಿ ಬೀಳುವ ಬದಲು ಜಾರಿ ಹರಿಯಿತು. ಓವನ್ನಿನಿಂದ ಇಳಿಸಿ ನೆತ್ತಿಯ ಮೇಲೆ ಬೆರಳಾಡಿಸಿದರೆ ಬಿರುಕಿರಬೇಕಾದ ಕಡೆ ತಗ್ಗು, ತಗ್ಗಿನಲ್ಲಿ ಬೆಣ್ಣೆಯ ಜಿಡ್ಡು. "ರೀ, ನೀರಾಗಿದೆ ಇದು. ಹಿಟ್ಟು ಕಮ್ಮಿ ಬಿದ್ದಿದೆ ಅನ್ಸುತ್ತೆ" ಎಂದಳು.

"ಎಣಿಕೆ ತಪ್ಪಿರ್ತೀಯ. ಹನ್ನೊಂದು ಹಾಕಿ ಹನ್ನೆರಡು ಅಂದ್ಕೊಂಡಿರ್ತೀಯ."

ಮರುದಿನ ಪ್ರತಿ ಕಪ್ಪಿಗೂ ಒಂದು ಕಡ್ಲೆಕಾಳು ಪಕ್ಕಕ್ಕಿಟ್ಟು ಎಣಿಸಿದಳು. ಹನ್ನೆರಡು ಕಾಳು, ಮೇಲೆ ಅರ್ಧ ಕಪ್ಪು. ಆ ದಿನವೂ ತಗ್ಗು. ಮೂರನೇ ದಿನ ಎರಡು ಹಿಡಿ ಹೆಚ್ಚು ಹಾಕಿದಳು, ತುಸು ಏರಿತು. ನಾಲ್ಕನೇ ದಿನ ಹೆದರಿ ಒಂದೇ ಹಿಡಿ ಹಾಕಿದಳು, ಇಳಿಯಿತು. ಎಂಟು ಕೇಕೂ ಒಂದೇ ಅಚ್ಚಿನವೆಂದು ಹೊಗಳಿಸಿಕೊಂಡವಳ ಕೇಕು ದಿನಕ್ಕೊಂದು ಬಗೆ ಬರತೊಡಗಿತು. ಅಂಗಡಿಯ ಯಜಮಾನ ಒಂದು ವಾರ ತಾಳಿದ, ಎರಡು ವಾರ ತಾಳಿದ. ಆಮೇಲೆ ತಗ್ಗು ಬಿದ್ದ ಕೇಕುಗಳನ್ನು ತಲೆಕೆಳಗು ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಾನೆಂದು ಹಾಲಿನವನು ಬಂದು ಹೇಳಿದ. ಕೇಕಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದ ಹಾಗಾಯಿತು.

"ಒಂದ್ಸಲ ಬಂದು ನಿಂತು ನೋಡ್ರೀ, ಎಲ್ಲಿ ತಪ್ಪುತಿದೀನಿ ಅಂತ" ಎಂದು ಅವಳೇ ಬೇಡಿಕೊಂಡಳು. ಮೇಷ್ಟ್ರು ಒಂದು ಮುಂಜಾನೆ ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು. ಅವಳು ಎಂದಿನಂತೆ ಕಾಗದ ಹಾಸಿ, ಹಿಟ್ಟನ್ನು ಜರಡಿ ಹಿಡಿದು ಗುಡ್ಡೆ ಮಾಡಿದಳು. ಆ ಗುಡ್ಡೆಯಿಂದ ಚಮಚದಲ್ಲಿ ಮೆಲ್ಲಗೆ ತೆಗೆತೆಗೆದು ಕಪ್ಪು ತುಂಬಿದಳು. ಚಾಕುವಿನ ಬೆನ್ನಿನಿಂದ ಸವರಿ ಬೋಗುಣಿಗೆ ಸುರಿದಳು, ಒಂದು ಕಾಳು ಪಕ್ಕಕ್ಕಿಟ್ಟಳು. ಹನ್ನೆರಡೂವರೆ ಮುಗಿಯುವವರೆಗೆ ಮೇಷ್ಟ್ರು ಮಾತೇ ಆಡಲಿಲ್ಲ.

"ಎಣಿಕೆ ಸರಿ ಇದೆಯೇನ್ರೀ?"

"ಹೂಂ" ಎಂದರು. ಇನ್ನೂ ಒಂದು ಕ್ಷಣ ನಿಂತರು. ಆಮೇಲೆ ಚಪ್ಪಲಿಯ ಸದ್ದು ಹಿಂದಕ್ಕೆ ಹೋಯಿತು. ಪಾಪ, ನನ್ನ ಸ್ಥಿತಿ ನೋಡಿ ಅವರಿಗೂ ಮಾತು ಬರಲಿಲ್ಲ ಎಂದುಕೊಂಡಳು ಅವಳು.

ಅದಾದ ಮೂರನೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗುವುದಿತ್ತು. ಪ್ರತಿ ಸಲವೂ ಜೊತೆಗೆ ಬರುತ್ತಿದ್ದ ಮೇಷ್ಟ್ರು ಈ ಸಲ ಮಂಡಿ ನೋವೆಂದು ಉಳಿದರು. ತಂಗಿ ಹೊಲಿಗೆ ಅಂಗಡಿ ಮುಚ್ಚಿ ಅವಳನ್ನು ಕರೆದುಕೊಂಡು ಹೋದಳು. ಸಂಜೆ ಬಂದು ಕೈ ಊರಿದರೆ ಮೇಜಿನ ಮೇಲೆ ತೆಳ್ಳಗೆ ಹಿಟ್ಟಿನ ಪುಡಿ. ಜರಡಿ ಮೊಳೆಯ ಮೇಲಿರಲಿಲ್ಲ, ಪಾತ್ರೆಗಳ ನಡುವೆ ಸಿಕ್ಕಿತು. ಒರೆಸಿಡುವುದನ್ನೂ ಮರೆತೆನಲ್ಲ, ತಲೆಯೂ ಹೋಯಿತೇನೋ ಎಂದು ತನ್ನನ್ನೇ ಬೈದುಕೊಂಡು ಮೇಜು ಒರೆಸಿದಳು.

ಮರುವಾರ ಒಂದು ದಿನ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಕಪ್ಪು, ಕಾಳು, ಕೋಷ್ಟಕ ಎಲ್ಲವನ್ನೂ ಬದಿಗಿಟ್ಟು, ಕೈ ಹೇಳಿದಷ್ಟು ಹಿಟ್ಟು ಹಾಕಿದಳು. ಸೌಟಿನಿಂದ ಮುದ್ದೆಯಾಗಿ ಬೀಳುವವರೆಗೆ ಹಾಕಿದಳು. ಲೆಕ್ಕವಿಟ್ಟಿದ್ದರೆ ನಾಲ್ಕು ಕಪ್ಪು ಮೇಲಾಗುತ್ತಿತ್ತು. ಅವತ್ತು ಎಂಟಕ್ಕೆ ಎಂಟೂ ಹಳೆಯ ಹದದ ಕೇಕು. ನೆತ್ತಿಯ ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು. ಮೇಷ್ಟ್ರನ್ನು ಎಬ್ಬಿಸಿ ಕರೆತಂದು ಮುಟ್ಟಿಸಿದಳು.

"ನೋಡ್ರೀ, ನಾಲ್ಕು ಕಪ್ಪಾದರೂ ಜಾಸ್ತಿ ಬೇಕು ಇದಕ್ಕೆ. ನಿಮ್ಮ ಲೆಕ್ಕದಲ್ಲೇ ಏನೋ..."

"ಲೆಕ್ಕದಲ್ಲಿ ಏನೂ ಇಲ್ಲ" ಎಂದರು ಮೇಷ್ಟ್ರು. ದನಿ ಎತ್ತರಿಸಲಿಲ್ಲ, ದಡ್ಡ ಹುಡುಗಿಗೆ ತಿಳಿಹೇಳುವ ದನಿ. "ಇದು ಕುರುಡು ಅದೃಷ್ಟ ಕಣೇ. ಅಂದಾಜಿನಲ್ಲಿ ಹೋದ್ರೆ ಒಂದು ದಿನ ಸರಿ, ನಾಲ್ಕು ದಿನ ತಪ್ಪು. ಆವತ್ತು ಉಪ್ಪಿಂದು ಮರೆತ್ಯಾ? ನಿನ್ನ ಕೈಯಲ್ಲಿ ಮೊದಲಿನ ಹದ ಇಲ್ಲ. ಅದನ್ನ ಒಪ್ಕೋ. ವಯಸ್ಸಾಯ್ತು, ಸಾಕು ಬಿಟ್ಬಿಡು ಅಂತ ನಾನು ಎಷ್ಟು ದಿನದಿಂದ ಹೇಳ್ತಿದೀನಿ?"

ಉಪ್ಪಿನ ಮಾತು ಬಂದಕೂಡಲೇ ಅವಳು ಕೇಕುಗಳ ಮೇಲೆ ಬಟ್ಟೆ ಮುಚ್ಚಿದಳು. ಮರುದಿನ ಮತ್ತೆ ಹನ್ನೆರಡೂವರೆಗೇ ಬಂದಳು.

ತಿಂಗಳ ಕೊನೆಗೆ ಅಂಗಡಿಯ ಯಜಮಾನ ತಾನೇ ಮನೆಗೆ ಬಂದ. ಇಪ್ಪತ್ತಾರು ವರ್ಷದಲ್ಲಿ ಅವನು ಆ ಮನೆಯ ಮೆಟ್ಟಿಲು ಹತ್ತಿದ್ದು ಅಪರೂಪ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಟೀಯನ್ನು ಬೇಗಬೇಗ ಕುಡಿದ. "ನೀವು ವಿಶ್ರಾಂತಿ ತಗೊಳ್ಳಿ ಅಮ್ಮ" ಎಂದ. "ಬೇರೆ ಕಡೆಯಿಂದ ತರಿಸ್ಕೋತೀನಿ. ನಿಮ್ಮ ಕೇಕಿನ ಹಾಗಿರಲ್ಲ. ಆದ್ರೆ ಏನು ಮಾಡೋದು ಹೇಳಿ."

"ನಾನೂ ಅದನ್ನೇ ಹೇಳ್ತಾ ಇದ್ದೆ" ಎಂದರು ಮೇಷ್ಟ್ರು. "ಅವಳ ಕೈ ಬಿದ್ದುಹೋಗಿದೆ. ಅವಳಿಗೆ ಒಪ್ಕೊಳ್ಳೋಕೆ ಕಷ್ಟ, ಅಷ್ಟೇ."

ಅವನು ಹೋದ ಮೇಲೆ ಅವಳಿಗೆ ಹೊಳೆಯಿತು: ಅವನು ಅಮ್ಮ ಎಂದ, ಕೇಕಮ್ಮ ಎನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಮನೆಯ ಅಡುಗೆಗೂ ಅಂಜತೊಡಗಿದಳು. ಒಲೆಯ ಮುಂದೆ ನಿಂತು ಸೌಟು ಹಿಡಿದು, "ರೀ, ಉಪ್ಪು ನೋಡಿ ಹೇಳ್ತೀರಾ?" ಎಂದು ಕರೆಯುವಳು. ಮೇಷ್ಟ್ರು ಪೇಪರು ಮಡಿಸಿಟ್ಟು ಬಂದು, ನಾಲಿಗೆಗೆ ಹಚ್ಚಿಕೊಂಡು, "ಇನ್ನೊಂದು ಚಿಟಿಕೆ" ಎನ್ನುವರು. ಅವರು ಆಗ ಎಷ್ಟು ಮೃದುವಾಗಿ ಮಾತಾಡುತ್ತಿದ್ದರೆಂದರೆ ಅವಳಿಗೆ ತನ್ನ ಪುಣ್ಯ ದೊಡ್ಡದೆನ್ನಿಸುತ್ತಿತ್ತು. ಸಂಜೆ ಕೈ ಹಿಡಿದು ವಾಕಿಂಗಿಗೆ ಕರೆದುಕೊಂಡು ಹೋಗುತ್ತಿದ್ದರು. ಟೀ ಅಂಗಡಿಯ ಮುಂದೆ ಜನ "ನಮಸ್ಕಾರ ಮೇಷ್ಟ್ರೇ" ಎನ್ನುತ್ತಿದ್ದರು. ಅವಳನ್ನು ಯಾರೂ ಏನೂ ಕರೆಯುತ್ತಿರಲಿಲ್ಲ.

ಓವನ್ ಕೊಟ್ಟುಬಿಡುವುದೆಂದಾಯಿತು. ಬೇಕರಿ ಇಡಲು ಹೊರಟಿದ್ದ ಪಕ್ಕದೂರಿನ ಅಣ್ಣತಮ್ಮಂದಿರು ಬಂದು, ನಾಲ್ಕು ಕಡೆ ಹಿಡಿದು, ಬಾಗಿಲಿಗೆ ತಗುಲಿಸಿ, ಬೈದುಕೊಂಡು, ಅಂತೂ ಬೆಳಿಗ್ಗೆ ಹನ್ನೊಂದಕ್ಕೆ ಟೆಂಪೋ ಹತ್ತಿಸಿದರು. ಅದು ನಿಂತಿದ್ದ ಜಾಗದಲ್ಲಿ ನೆಲ ಬೇರೆಯೇ ಬಣ್ಣಕ್ಕಿದೆ ಎಂದು ಹೇಳಿದವಳು ತಂಗಿ. ಅಚ್ಚುಗಳನ್ನು ಮಾತ್ರ ಕೇಕಮ್ಮ ಕೊಡಲಿಲ್ಲ. ಅವನ್ನು ಅಟ್ಟಕ್ಕೆ ಸೇರಿಸಲು ತಂಗಿ ಬಂದು ಕೂತಿದ್ದಳು.

ತಂಗಿಯ ಬಾಯಿ ಅವಳ ಹೊಲಿಗೆ ಮಷೀನಿನ ಹಾಗೆ, ಕಾಲಿಟ್ಟರೆ ಓಡುತ್ತದೆ. "ಅಕ್ಕ, ಈ ಅಚ್ಚಿಗೆಲ್ಲ ಎಣ್ಣೆ ಸವರಿ ಸುತ್ತಿಡೋಣ, ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ. ಪೇಪರ್ ಎಲ್ಲಿದೆ? ಭಾವ ಪೇಪರ್ ಮುಟ್ಟೋಕೆ ಬಿಡೋದಿಲ್ವಲ್ಲ, ಅವೆಲ್ಲ ಅವರ ಆಸ್ತಿ. ಇರಲಿ, ಇಲ್ಲಿ ಕಪಾಟಿನ ಕೆಳಗೆ ಹಳೇ ನೋಟ್‌ಬುಕ್ ರಾಶಿ ಇದೆ, ಇದರ ಹಾಳೆ ಕಿತ್ಕೋತೀನಿ." ಹಾಳೆ ಹರಿಯುವ ಸದ್ದು ಎರಡು ಸಲ ಕೇಳಿತು. ಮೂರನೆಯದು ಕೇಳಲಿಲ್ಲ.

"ಏನಾಯ್ತೇ?"

"ಇದು ಹಳೇದಲ್ಲ ಕಣಕ್ಕ, ನಿನ್ನ ಕೇಕಿನ ಲೆಕ್ಕ. ಇದೇನಿದು, ಭಾವ ಎರಡೆರಡು ಸಲ ತೂಗಿದಾರೆ?" ತಂಗಿ ಓದತೊಡಗಿದಳು. "'ಮೈದಾ, ಕುಟ್ಟಿ ತುಂಬಿದ್ದು, ಸರಾಸರಿ ನೂರ ಅರವತ್ತು.' ಇದು ಗೋಡೆ ಮೇಲಿರೋದೇ. ಕೆಳಗೆ ಇನ್ನೊಂದಿದೆ. 'ಮೈದಾ, ಜರಡಿ ಹಿಡಿದು ಚಮಚದಲ್ಲಿ ತುಂಬಿದ್ದು. ನೂರ ಹದಿನೇಳು, ನೂರ ಹದಿನೆಂಟು, ನೂರ ಹತ್ತೊಂಬತ್ತು...' ಹತ್ತು ಸಲ ತೂಗಿ ಬರೆದಿದಾರೆ. 'ಸರಾಸರಿ ನೂರ ಹದಿನೆಂಟು. ಎರಡು ಸಾವಿರಕ್ಕೆ ಹದಿನೇಳು ಕಪ್ಪು.' ಕೆಳಗೆ ಎರಡು ಗೆರೆ ಎಳೆದಿದಾರೆ."

ಕೇಕಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದ್ಸಲ ಓದು" ಎಂದಳು.

ತಂಗಿ ಓದಿದಳು. ಓದುತ್ತ ಓದುತ್ತ ಅವಳ ದನಿಯೂ ನಿಧಾನವಾಯಿತು. "ಅಕ್ಕ, ಬಟ್ಟೆ ನೆನೆಸಿ ಅಳತೆ ತಗೊಳ್ಳೋದಕ್ಕೂ ಒಣಬಟ್ಟೆ ಅಳೆಯೋದಕ್ಕೂ ಫರಕಿಲ್ವಾ, ಹಾಗೆ ಇದು. ಅವರು ಕುಟ್ಟಿ ತೂಗಿದ್ರು. ನೀನು ಜರಡಿ ಹಿಡಿದು ತುಂಬಿಸ್ತಿದ್ದೆ. ನಿನ್ನ ಕಪ್ಪಿನಲ್ಲಿ ಹಿಟ್ಟು ಕಮ್ಮಿ."

ಅದು ಅವಳಿಗೆ ಆಗಲೇ ಅರ್ಥವಾಗಿತ್ತು. ಮಷೀನಿನ ಕಾಲದಲ್ಲಿ ಜರಡಿ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಎರಡು ಕಿಲೋ ಎರಡೇ ಕಿಲೋ. ಕಪ್ಪಿಗೆ ಹಾಗಲ್ಲವೆಂದು ಅವಳಿಗೂ ತೋಚಲಿಲ್ಲ, ಅವರಿಗೂ ತೋಚಲಿಲ್ಲ. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಅವಳು ಕೇಳಿದ್ದು ಬೇರೆ. "ತಾರೀಕು ಹಾಕಿದಾರಾ?"

ಮೇಷ್ಟ್ರು ತಾರೀಕು ಹಾಕದೆ ಏನನ್ನೂ ಬರೆದವರಲ್ಲ. "ಹದಿನಾಲ್ಕು, ಸೋಮವಾರ" ಎಂದಳು ತಂಗಿ. ಆಮೇಲೆ, "ಅಯ್ಯೋ, ಅವತ್ತು ನಾವು ಆಸ್ಪತ್ರೆಗೆ ಹೋಗಿದ್ದು. ನಾನು ಅಂಗಡಿ ಮುಚ್ಚಿದ್ದೆನಲ್ಲ."

ಮೇಜಿನ ಮೇಲಿನ ಹಿಟ್ಟಿನ ಪುಡಿ. ಜಾಗ ಬಿಟ್ಟಿದ್ದ ಜರಡಿ. ಎಂಟು ಹಳೆಯ ಹದದ ಕೇಕುಗಳ ಮುಂದೆ ನಿಂತು "ಕುರುಡು ಅದೃಷ್ಟ" ಎಂದದ್ದು ಅದಾದ ಮರುವಾರ. "ಅವಳ ಕೈ ಬಿದ್ದುಹೋಗಿದೆ" ಎಂದು ಯಜಮಾನನಿಗೆ ಹೇಳಿದ್ದು ಅದಾದ ಹದಿನೈದು ದಿನಕ್ಕೆ. ಉಪ್ಪು ನೋಡಲು ಎಷ್ಟು ಸಲ ಕರೆದಳು, ಎಷ್ಟು ಸಲ ಬಂದರು! ಗೋಡೆಯ ಮೇಲಿನ ಒಂದು ಅಂಕಿ ತಿದ್ದಲು ಪೆನ್ನಿನ ಎರಡು ಗೀಟು ಸಾಕಿತ್ತು. "ತಪ್ಪಾಯ್ತು ಕಣೇ" ಎನ್ನಲು ಎರಡು ಮಾತು. ಅದನ್ನು ಆಡುವುದಕ್ಕಿಂತ ಅವಳ ಕೈಯನ್ನೇ ಕಿತ್ತುಕೊಳ್ಳುವುದು ಅವರಿಗೆ ಸುಲಭವಾಯಿತು. ಅವಳು ಸ್ಟೂಲಿನ ಅಂಚು ಹಿಡಿದುಕೊಂಡಳು.

"ಇವತ್ತು ಭಾವನಿಗೆ ಮುಖಕ್ಕೆ ಹೊಡೆದ ಹಾಗೆ ಕೇಳ್ತೀನಿ ನಾನು" ಎಂದು ತಂಗಿ ಎದ್ದಳು.

"ಕೂತ್ಕೋ. ಅಟ್ಟದ ಕೆಳಗಿನ ಡಬ್ಬಿಯಲ್ಲಿ ಹಿಟ್ಟು ಉಳಿದಿದೆ. ಅದನ್ನು ಕೊಡು, ಜರಡಿ ಕೊಡು."

ಕಾಗದ ಹಾಸಿದಳು. ಜರಡಿಯನ್ನು ಅಂಗೈಗೆ ತಟ್ಟುತ್ತ ಹಿಟ್ಟು ಇಳಿಸಿದಳು. ಖಾಲಿ ಕಪ್ಪನ್ನು ಮಷೀನಿನ ಮೇಲಿಟ್ಟು ಗುಂಡಿಯನ್ನು ಬೆರಳಲ್ಲೇ ಹುಡುಕಿ ಒತ್ತಿ ಸೊನ್ನೆ ಮಾಡಿದಳು. ಚಮಚದಲ್ಲಿ ತುಂಬಿ, ಚಾಕುವಿನ ಬೆನ್ನಿನಿಂದ ಸವರಿ, ಇಟ್ಟಳು.

"ಎಷ್ಟು?"

"ನೂರ ಹದಿನೆಂಟು" ಎಂದಳು ತಂಗಿ. "ಸರಿಯಾಗಿ ನೂರ ಹದಿನೆಂಟು, ಅಕ್ಕ."

"ಆ ನೋಟ್‌ಬುಕ್ಕು ಇದ್ದಲ್ಲೇ ಇಡು. ನೀನು ಅಚ್ಚು ಒರೆಸ್ತಾ ಇರು, ಏನೂ ಮಾತಾಡಬೇಡ." ಆಮೇಲೆ ಹಜಾರದ ಕಡೆ ತಿರುಗಿ ಕೂಗಿದಳು, ಉಪ್ಪು ನೋಡಲು ಕೂಗುತ್ತಿದ್ದ ಅದೇ ದನಿಯಲ್ಲಿ: "ರೀ, ಸ್ವಲ್ಪ ಇಲ್ಲಿ ಬರ್ತೀರಾ?"

ಪೇಪರು ಮಡಿಸುವ ಸದ್ದು. ಚಪ್ಪಲಿಯ ಸದ್ದು. ಅಷ್ಟು ಹೊತ್ತಿನಲ್ಲಿ ಅವಳು ಮನಸ್ಸಿನಲ್ಲಿ ಒಂದೇ ಒಂದನ್ನು ಬೇಡಿಕೊಂಡಳು. ನಿಜ ಹೇಳಲಿ. ಅಂಗಡಿ ಹೋಯಿತು, ಓವನ್ ಹೋಯಿತು, ಅವು ಹೋಗಲಿ. ಮಷೀನಿನಲ್ಲಿ ಏನು ಕಾಣುತ್ತದೋ ಅದೊಂದನ್ನು ಬಾಯಿಬಿಟ್ಟು ಓದಲಿ. ಅಷ್ಟು ಓದಿದರೆ ಉಳಿದದ್ದನ್ನೆಲ್ಲ ನುಂಗಿಕೊಂಡು ಈ ಮನುಷ್ಯನ ಕೈ ಹಿಡಿದು ಇನ್ನೂ ಹತ್ತು ವರ್ಷ ವಾಕಿಂಗಿಗೆ ಹೋಗುತ್ತೇನೆ.

"ಏನೇ ಇದು, ಮತ್ತೆ ಹಿಟ್ಟು ಹರಡಿದೀಯ? ಓವನ್ನೇ ಹೋಯ್ತಲ್ಲ."

"ಹಿಟ್ಟು ಉಳಿದಿತ್ತು, ಸುಮ್ನೆ ತುಂಬಿದೆ. ಜರಡಿ ಹಿಡಿದು ತುಂಬಿದೀನಿ, ಯಾವಾಗ್ಲೂ ತುಂಬೋ ಹಾಗೆ. ಎಷ್ಟಿದೆ, ಓದಿ ಹೇಳ್ರೀ."

ಮೇಷ್ಟ್ರು ಬಗ್ಗಿದರು, ಸೊಂಟದ ಮೂಳೆ ಲಟಕ್ಕೆಂದಿತು. ಕನ್ನಡಕದ ಕಡ್ಡಿ ಮಡಿಸಿ ಬಿಡಿಸಿದ ಸದ್ದಾಯಿತು. ತಂಗಿ ಅಚ್ಚು ಒರೆಸುವುದನ್ನು ನಿಲ್ಲಿಸಿದ್ದಳು. ನಲ್ಲಿಯಿಂದ ಬೋಗುಣಿಗೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಮೂರಂಕಿಯ ಸಂಖ್ಯೆ ಓದಲು ಲೆಕ್ಕದ ಮೇಷ್ಟ್ರಿಗೆ ಅಷ್ಟು ಹೊತ್ತು ಬೇಕೇ?

"ನೂರ ಅರವತ್ತು" ಎಂದರು.

ತಂಗಿಯ ಕೈಯಿಂದ ಅಚ್ಚು ಜಾರಿ ನೆಲಕ್ಕೆ ಬಿತ್ತು. ಅದು ಅಲ್ಲಾಡಿ ಅಲ್ಲಾಡಿ ಸದ್ದು ನಿಲ್ಲುವವರೆಗೆ ಕೇಕಮ್ಮ ಕಾದಳು.

"ಸರಿ" ಎಂದಳು. "ನೋಟ್‌ಬುಕ್ಕಿನಲ್ಲಿ ಬರ್ಕೊಳ್ಳಿ. ಹದಿನಾಲ್ಕನೇ ತಾರೀಕಿನ ಕೆಳಗೆ. ಅಲ್ಲಿ ಹತ್ತೇ ಇದೆ, ಇದು ಹನ್ನೊಂದನೇದು."

ಮೇಷ್ಟ್ರ ಚಪ್ಪಲಿಗಳು ಅಲುಗಲಿಲ್ಲ. ಅವಳು ಎದುರಿಗೇ ನೋಡಿದಾಗ ಎರಡು ಕಿವಿ, ಮಫ್ಲರಿನ ತುದಿ, ಮೇಜಿನ ಮೇಲೆ ಊರಿದ ಒಂದು ಕೈ, ಇಷ್ಟೇ ಕಂಡವು. ಮುಖ ಬೇಕೆಂದರೆ ಗೋಡೆಯನ್ನು ನೋಡಬೇಕಿತ್ತು. ಗೋಡೆಯ ಮೇಲೆ ಕ್ಯಾಲೆಂಡರಿನ ಹಿಂಬದಿ ಇನ್ನೂ ಅಂಟಿಕೊಂಡೇ ಇತ್ತು. ಅವಳು ಅತ್ತ ತಿರುಗಿ, ಕಣ್ಣು ಕದಲಿಸದೆ, ಬಹಳ ಹೊತ್ತು ಗೋಡೆಯನ್ನೇ ನೋಡಿದಳು.